ಬಲಕ್ಕೆ ಬಿದ್ದ ಹೂವು

ಹೋದ ತಿಂಗಳು ಶಿವಮೊಗ್ಗದಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಿಗೆ ಹಳೆಯ ಟಿವಿ ಆಟಗಳನ್ನು ಹುಡುಕಿ ಕೂಡಿಡುವ ಹುಚ್ಚು. ಜಪಾನಿನಲ್ಲಿ ಎಂಬತ್ತರ ದಶಕದಲ್ಲಿ ಮಾರಿದ ಎಷ್ಟೋ ಆಟಗಳು ಆ ದೇಶ ಬಿಟ್ಟು ಹೊರಗೆ ಬರಲೇ ಇಲ್ಲವಂತೆ. ಆಡಿದರೆ ಅವರ ಮಕ್ಕಳು ಮರಿ ಆಡಬೇಕು, ಬೇರೆ ಯಾರಿಗೂ ಇಲ್ಲ. "ಹೂವಿನ ಎಲೆಗಳ ಆಟ ಅಂತ ಒಂದೈತೆ ರೀ, ಅದಂತೂ ನಮ್ಮ ಕಡೆಯವರು ಕಣ್ಣಲ್ಲಿ ನೋಡಿರಾಕೇ ಸಾಧ್ಯವಿಲ್ಲ" ಎಂದರು.

"ನಾನು ನೋಡೀನಿ" ಎಂದೆ.

"ಎಲ್ಲಿ?"

"ಹೊನ್ನಾಳಿಯಾಗೆ."

ಅವರು ನನ್ನ ಕೈಯಲ್ಲಿದ್ದ ಸೊಪ್ಪಿನ ಚೀಲವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ನಕ್ಕರು. ಬಸ್ಸಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ.

ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಹೊನ್ನಾಳಿಗೆ ಸೊಸೆಯಾಗಿ ಬರುವುದಕ್ಕೆ ಮುಂಚೆ ಜಗಳೂರಿನ ಒಂದು ಮನೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು. ಉಪ್ಪಿಟ್ಟು ಎರಡನೆಯ ಸಲ ಹಾಕಿಸಿಕೊಂಡು ತಿಂದಿದ್ದರು. ಎಂಟು ಹತ್ತು ದಿನ ಬಿಟ್ಟು ಅಪ್ಪನಿಗೆ ಹೇಳಿ ಕಳಿಸಿದರು: "ಹೂ ಬರಲಿಲ್ಲ."

ನಮ್ಮ ಕಡೆ ಹೂ ಕೇಳುವುದೆಂದರೆ ದೇವರ ಎರಡೂ ಭುಜದ ಮೇಲೆ ಹೂವಿಟ್ಟು, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡು, ಕಣ್ಣು ಮಿಟುಕಿಸದೆ ಕಾಯುವುದು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಹೂ ಬರಲಿಲ್ಲ ಎಂದರೆ ದೇವರೇ ಒಪ್ಪಲಿಲ್ಲ ಎಂದು ಅರ್ಥ. ಯಾರೂ ಅದರ ಮೇಲೆ ಮಾತಾಡುವ ಹಾಗಿಲ್ಲ. ನಾನು ಮಾತ್ರ ಬಹಳ ದಿನ ನೀರು ಸೇದುವಾಗ, ಕಸ ಗುಡಿಸುವಾಗ ಅದನ್ನೇ ಯೋಚಿಸುತ್ತಿದ್ದೆ. ಹುಡುಗನಿಗೆ ಒಪ್ಪಿಗೆಯಾಗಲಿಲ್ಲ ಎಂದರೆ ಅದೊಂದು ಥರ. ಎಲ್ಲ ಬಲ್ಲ ದೇವರು ನನ್ನಲ್ಲಿ ಏನು ಕೊರತೆ ಕಂಡ?

ಮುಂದೆ ಹೊನ್ನಾಳಿಯವರು ಬಂದರು. ಅತ್ತೆಯವರು ಊರಿಗೆ ಹೋದ ಮೇಲೆ ಹೇಳಿ ಕಳಿಸಿದ್ದು: "ಹೂ ಬಲಕ್ಕೇ ಬಿತ್ತು." ಆ ಮಾತು ನನಗೆ ತಾಳಿಗಿಂತ ಹೆಚ್ಚಾಯಿತು. ಅತ್ತೆ ಸಿಟ್ಟಾದಾಗಲೂ "ದೇವರು ಒಪ್ಪಿ ಕೊಟ್ಟ ಸೊಸೆ ಅಂತ ಸುಮ್ನಿದೀನಿ" ಎನ್ನುತ್ತಿದ್ದರು. ಬೈಗುಳವೇ ಆದರೂ ನನಗೆ ಅದು ಹಿತವಾಗಿ ಕೇಳಿಸುತ್ತಿತ್ತು.

ಮನೆಯಲ್ಲಿದ್ದವರು ಅತ್ತೆ, ನಾನು, ನನ್ನ ನಾದಿನಿ. ನನ್ನ ಯಜಮಾನರು ನ್ಯಾಮತಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದರು. ಬೆಳಗ್ಗೆ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಮಾವ ನಾನು ಬರುವ ಮುಂಚೆಯೇ ಹೋಗಿದ್ದರು. ಹಾಗಾಗಿ ಮನೆಯಲ್ಲಿ ಅತ್ತೆಯದೇ ಮಾತು. ಅತ್ತೆಗೆ ಒಬ್ಬ ತಮ್ಮ, ಸರಕಿನ ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಬರುತ್ತಿದ್ದರು. ನಾನು ಮದುವೆಯಾಗಿ ಬಂದ ಎರಡನೆಯ ವರ್ಷ ಅವರು ಬಂದಾಗ ಜಪಾನಿನಿಂದ ಒಂದು ಸಣ್ಣ ಕೆಂಪು ಟಿವಿ, ಕರೆಂಟು ಇಳಿಸುವ ಒಂದು ಭಾರದ ಪೆಟ್ಟಿಗೆ, ಟಿವಿಗೆ ಸಿಕ್ಕಿಸುವ ಇನ್ನೊಂದು ಬಿಳಿ ಪೆಟ್ಟಿಗೆ ತಂದರು.

ಬೀದಿಯ ಹೆಂಗಸರೆಲ್ಲ ಭಾನುವಾರದ ಸಿನಿಮಾಕ್ಕೆಂದು ಚಾಪೆ ಹಿಡಿದುಕೊಂಡೇ ಬಂದರು. ಆಂಟೆನಾ ಏರಿಸಿದ್ದಾಯಿತು, ತಿರುಗಿಸಿದ್ದಾಯಿತು. ಚುಕ್ಕೆ ಬಿಟ್ಟರೆ ಏನೂ ಇಲ್ಲ. ಶಿವಮೊಗ್ಗದಿಂದ ಬಂದ ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ, ಮತ್ತೆ ಮುಚ್ಚಿ, "ಇದು ಆ ದೇಶದ್ದು ತಾಯಿ, ನಮ್ಮ ಸರಕಾರ ಬಿಡೋದು ಇದಕ್ಕೆ ತಿಳಿಯಾಕಿಲ್ಲ" ಎಂದರು. ಚಾಪೆಗಳು ಮಡಚಿಕೊಂಡು ವಾಪಸು ಹೋದವು.

ಉಳಿದದ್ದು ಬಿಳಿ ಪೆಟ್ಟಿಗೆ. ಅದರೊಳಗೆ ಒಂದು ಕ್ಯಾಸೆಟ್ ತೂರಿಸಿದರೆ ಕೆಂಪು ಟಿವಿಯಲ್ಲಿ ಬಣ್ಣ ಬರುತ್ತಿತ್ತು. ತಂದಿದ್ದು ಒಂದೇ ಕ್ಯಾಸೆಟ್. ಅಂಗಡಿಯಲ್ಲಿ ಓಡುವ, ಹಾರುವ, ಗುಂಡು ಹೊಡೆಯುವ ಆಟಗಳೆಲ್ಲ ಇದ್ದರೂ ಡಬ್ಬಿಯ ಮೇಲೆ ಹೂವಿತ್ತೆಂದು ಅಕ್ಕನಿಗಾಗಿ ಇದನ್ನೇ ಆರಿಸಿದರಂತೆ. "ಅಂಗಡಿಯವನು ಕೈ ಆಡಿಸಿ ಬ್ಯಾಡ ಬ್ಯಾಡ ಅಂದ ಅಕ್ಕ. ಇದು ನಮ್ಮ ದೇಶದೋರಿಗೆ ಮಾತ್ರ, ಹೊರಗೆ ಕಳ್ಸಲ್ಲ, ನಿಮಗೆ ತಿಳಿಯಲ್ಲ ಅಂತ ಅರ್ಧ ಇಂಗ್ಲಿಷಿನಾಗೆ ಹೇಳಿದ. ಹೂ ತಿಳಿಯಾಕೆ ಏನಪ್ಪಾ ಕಷ್ಟ ಅಂತ ತಂದೆ."

ತೆರೆಯ ಮೇಲೆ ಹೂವಿನ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಬರುತ್ತಿದ್ದವು. ಸೇವಂತಿಗೆ ಗುರುತು ಸಿಕ್ಕಿತು. ಒಂದರಲ್ಲಿ ಹುಣ್ಣಿಮೆ, ಒಂದರಲ್ಲಿ ಜಿಂಕೆ, ಒಂದರಲ್ಲಿ ಹಂದಿ, ಒಂದರಲ್ಲಿ ಕೊಡೆ ಹಿಡಿದ ಮುದುಕ. ಅಕ್ಷರಗಳಂತೂ ಕೋಳಿ ಕೆದರಿದ ಹಾಗೆ. ಗುಂಡಿ ಒತ್ತಿದರೆ ಚಿತ್ರಗಳು ಅತ್ತಿತ್ತ ಸರಿದು ಎರಡು ಬದಿಗೆ ಗುಡ್ಡೆ ಬೀಳುತ್ತಿದ್ದವು. ಕೊನೆಗೆ ಟಿಂಟಿಣಿ ಎಂದು ಸದ್ದಾಗಿ, ಮೇಲಿನ ಕೊಂಬೆಯಿಂದ ಒಂದು ಹೂವು ತೇಲುತ್ತಾ ಬಂದು ಎಡಕ್ಕೋ ಬಲಕ್ಕೋ ಬೀಳುತ್ತಿತ್ತು.

ಅತ್ತೆ ಮೊದಲ ಸಲ ಅದನ್ನು ನೋಡಿದಾಗ ಅಕ್ಕಿ ಆರಿಸುತ್ತಿದ್ದರು. ಮೊರ ಅಲ್ಲೇ ಬಿಟ್ಟು ಎದ್ದು ನಿಂತರು. "ಹೂ ಕೊಡ್ತಲ್ಲೇ!"

ಪಕ್ಕದ ಮನೆಯಾಕೆಗೆ ಅತ್ತೆಯಷ್ಟೇ ವಯಸ್ಸು. ಎಮ್ಮೆ ಸಾಕಿ ಹಾಲು ಮಾರುತ್ತಿದ್ದಳು, ನಾವೆಲ್ಲ ಎಮ್ಮೆಯಕ್ಕ ಎನ್ನುತ್ತಿದ್ದೆವು. ಅವಳು ತಕ್ಷಣ ತಕರಾರು ತೆಗೆದಳು. "ಬಲ ಅಂದ್ರೆ ಯಾರ ಬಲ? ದೇವರ ಬಲ ಅಂದ್ರೆ ನಮಗೆ ಎಡ ಆಗ್ತೈತೆ."

"ಇದು ದೇವರಲ್ಲ, ಗಾಜು. ಗಾಜು ಅಂದ್ರೆ ಕನ್ನಡಿ ಇದ್ದಂಗೆ. ಕನ್ನಡಿಯಾಗೆ ನನ್ನ ಬಲಗೈ ಬಲಕ್ಕೇ ಕಾಣ್ತೈತೆ. ನಮ್ಮ ಬಲವೇ ಬಲ" ಎಂದರು ಅತ್ತೆ. ತೀರ್ಮಾನವಾಯಿತು. ಆ ತೀರ್ಮಾನದಿಂದ ಮುಂದೆ ಏನೇನಾಗಲಿತ್ತು ಎಂದು ಆಗ ಯಾರಿಗೆ ಗೊತ್ತಿತ್ತು.

ಮೊದಮೊದಲು ನಗೆಚಾಟಿಕೆಗೆ ಕೇಳುತ್ತಿದ್ದರು. ಮಳೆ ಬರುತ್ತಾ, ನೆಂಟರು ಬರುತ್ತಾರಾ ಎಂದು. ಒಂದೆರಡು ಸಲ ಸರಿಯಾಯಿತು. ಆಮೇಲೆ ಅತ್ತೆ ಟಿವಿಯ ಹಣೆಗೆ ಮೂರು ಬೆರಳ ವಿಭೂತಿ ಎಳೆದರು, ಮುಂದೆ ಊದುಕಡ್ಡಿ ಹಚ್ಚಿದರು. ಗುಂಡಿ ಒತ್ತಲು ನಾದಿನಿಯನ್ನೇ ಕೂರಿಸುತ್ತಿದ್ದರು. ನಾವು ಒತ್ತಿದರೆ ಏನೇನೋ ಕೂಗಿಕೊಂಡು ನಿಂತುಬಿಡುತ್ತಿತ್ತು. ಅವಳು ಒತ್ತಿದರೆ ಸಲೀಸಾಗಿ ಸಾಗುತ್ತಿತ್ತು. ಕೈಗುಣ ಎಂದರು ಬೀದಿಯವರು. ಅತ್ತೆ ಮಲಗಿದ ಮಧ್ಯಾಹ್ನಗಳಲ್ಲೂ ಅವಳು ಒಬ್ಬಳೇ ಸದ್ದು ತಗ್ಗಿಸಿಕೊಂಡು ಅದರ ಮುಂದೆ ಕೂತಿರುತ್ತಿದ್ದಳು. ಹೊತ್ತು ಹೋಗಲಿ ಎಂದು ಕೂತಿದ್ದಾಳೆ ಎಂದುಕೊಂಡಿದ್ದೆ.

ಒಂದು ದಿನ ಎಮ್ಮೆಯಕ್ಕ ತನ್ನ ಹಳೆಯ ಎಮ್ಮೆಯನ್ನು ಮಾರಬೇಕೋ ಬೇಡವೋ ಕೇಳಿದಳು. ನಾದಿನಿ ಗುಂಡಿ ಮುಟ್ಟುವ ಮುಂಚೆ ಡಾಕ್ಟರ ಹಾಗೆ ವಿಚಾರಿಸಿದಳು. ಎಷ್ಟು ಸೂಲು? ಹೊತ್ತಿಗೆ ಎಷ್ಟು ಹಾಲು? ಮೇವಿಗೆ ಬಾಯಿ ಹಾಕುತ್ತದೋ ಇಲ್ಲವೋ? ಎಲ್ಲ ಕೇಳಿಕೊಂಡು ಆಡಿದಳು. ಹೂವು ಬಲಕ್ಕೆ ಬಿತ್ತು. ಎಮ್ಮೆ ಚನ್ನಗಿರಿ ಕಡೆಯವರಿಗೆ ಹೋಯಿತು.

ಇನ್ನೊಂದು ಸಲ ಭತ್ತದ ಕೊಯ್ಲಿನ ಹೊತ್ತಿನಲ್ಲಿ ಬಿಳಿಚೋಡಿನಿಂದ ಅಪ್ಪನಿಗೆ ಜ್ವರ ಬಿಡುತ್ತಿಲ್ಲ ಎಂದು ಸುದ್ದಿ ಬಂತು. ಆಳುಗಳಿಗೆ ಬುತ್ತಿ ಕಟ್ಟುವ ಕಾಲ, ಸೊಸೆಯನ್ನು ಹೇಗೆ ಕಳಿಸುವುದು ಎಂದು ಅತ್ತೆ ಮೀನಮೇಷ ಎಣಿಸಿದರು. ಕೊನೆಗೆ ಹೂ ಕೇಳಿದರು. ಬಲಕ್ಕೆ ಬಿತ್ತು. ನಾನು ಟಿವಿಯ ಮುಂದೆ ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿ ಬಸ್ಸು ಹತ್ತಿದೆ. ಅಪ್ಪನಿಗೆ ನಾನೇ ಗಂಜಿ ಕುಡಿಸಿ, ಅವರು ಎದ್ದು ಓಡಾಡುವುದನ್ನು ನೋಡಿಕೊಂಡು ವಾಪಸು ಬಂದೆ.

ಅದೇ ಚಳಿಗಾಲದಲ್ಲಿ ನಾದಿನಿಗೆ ಚನ್ನಗಿರಿಯಿಂದ ಗಂಡು ಬಂತು. ಅಡಿಕೆ ವ್ಯಾಪಾರದ ಮನೆ, ಒಳ್ಳೆಯ ಸ್ಥಿತಿವಂತರು. ನೋಡಲು ಬಂದ ದಿನ ಹುಡುಗ ಬಾಯಿ ಬಿಡಲಿಲ್ಲ. ಅವನ ಅಣ್ಣನದೇ ಎಲ್ಲ ಮಾತು. "ನಮ್ಮನೇಲಿ ಹೆಣ್ಮಕ್ಕಳು ಹೊಸ್ತಿಲು ದಾಟಂಗಿಲ್ರೀ. ಉಪ್ಪಿನಿಂದ ಹಿಡಿದು ಬಳೆ ತನಕ ಗಂಡಸ್ರೇ ತರ್ತೀವಿ. ನಮ್ಮವ್ವ ಪೇಟೆ ನೋಡಿಲ್ಲ, ನನ್ನ ಹೆಂಡ್ತಿ ನೋಡಿಲ್ಲ" ಎಂದು ಎದೆಯುಬ್ಬಿಸಿ ಹೇಳಿದ. ಅತ್ತೆಗೆ ಅದು ಗೌರವಸ್ಥರ ಮಾತಾಗಿ ಕೇಳಿಸಿತು. ನಾದಿನಿ ತಟ್ಟೆಗಳನ್ನು ತೊಳೆಯಲು ಹಿತ್ತಲಿಗೆ ಒಯ್ದಳು. ಬೂದಿ ಹಾಕಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ದಿನಾ ಹೊಳೆಗೆ, ಸಂತೆಗೆ, ಬಸ್ ಸ್ಟ್ಯಾಂಡಿನ ಹತ್ತಿರದ ಲೈಬ್ರರಿಗೆ ಓಡಾಡುವ ಹುಡುಗಿ ಅವಳು. "ಏನಂತೀಯ?" ಎಂದೆ. "ನಾನೇನು ಅನ್ಲಿ ಅತ್ತಿಗೆ. ಹೂ ಏನಂತೈತೋ ನೋಡಾಣ" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದು ನನಗೆ ಆಗ ವಿಚಿತ್ರವಾಗಿ ಕಂಡಿತ್ತು.

ಅತ್ತೆ ಮೊದಲು ಗುಡಿಯಲ್ಲೇ ಕೇಳಿದರು. ಎರಡು ಹೂವೂ ಕದಲಲಿಲ್ಲ. ಬಹಳ ಹೊತ್ತು ಕಾದು, ಪೂಜಾರಿಗೆ ಊಟದ ಹೊತ್ತು ಮೀರಿತೆಂದು ಎದ್ದು ಬಂದರು. "ನಮ್ಮನೇಲೇ ಕೇಳಾಣ ಬಿಡು" ಎಂದರು. ಸೋಮವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬೀದಿಯ ಹೆಂಗಸರು ಸೇರಿದರು. ಎಮ್ಮೆಯಕ್ಕ ಎಲ್ಲರಿಗಿಂತ ಮುಂದೆ, ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು. ಅತ್ತೆ ಹೊಸದಾಗಿ ವಿಭೂತಿ ಎಳೆದು, "ಚನ್ನಗಿರಿ ಸಂಬಂಧ ಆಗಬಹುದಾದ್ರೆ ಬಲಕ್ಕೆ ಕೊಡಪ್ಪ" ಎಂದು ಗಟ್ಟಿಯಾಗಿಯೇ ಕೇಳಿಕೊಂಡರು.

ನಾದಿನಿ ಕೂತಳು. ಬೇರೆ ದಿನ ಚಟಪಟ ಒತ್ತುವವಳು ಅವತ್ತು ಒಂದೊಂದು ಚಿತ್ರಕ್ಕೂ ನಿಂತು ನಿಂತು ಒತ್ತಿದಳು. ತುಟಿ ಒಳಗೆಳೆದುಕೊಂಡಿದ್ದಳು. ಹುಣ್ಣಿಮೆಯ ಚಿತ್ರ ಬಲಗಡೆಯ ಗುಡ್ಡೆಗೆ ಹೋದಾಗ ಅವಳ ಹೆಗಲು ಜಗ್ಗಿದ್ದನ್ನು ನಾನು ನೋಡಿದೆ. ಟಿಂಟಿಣಿ ಎಂದಿತು. ಹೂವು ಕೊಂಬೆ ಬಿಟ್ಟು, ತೇಲಿ ತೇಲಿ, ಬಲಕ್ಕೆ ಬಿತ್ತು.

"ಬಂತು! ಬಲಕ್ಕೇ ಬಂತು!" ಎಮ್ಮೆಯಕ್ಕ ಸೆರಗು ಬಿಚ್ಚಿ ಸಕ್ಕರೆಯನ್ನು ಮೊದಲು ಅತ್ತೆಯ ಬಾಯಿಗೆ ಹಾಕಿದಳು. ನಾದಿನಿಯ ಬಾಯಿಗೂ ಹಾಕಲು ಹೋದಳು. ಅವಳು ಬಾಯಿ ತೆರೆಯಲಿಲ್ಲ. ಅವಳ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

"ಇನ್ನೊಂದು ಸಲ" ಎಂದಳು.

"ಒಂದೇ ಮಾತಿಗೆ ಎರಡು ಸಲ ಕೇಳಬಾರ್ದು" ಎಂದರು ಅತ್ತೆ.

"ಅವ್ವಾ, ಅದು ದೇವರ ಹೂ ಅಲ್ಲ. ನಾನು ಸೋತೆ."

"ಏನು ಸೋತೆ?"

"ಆಟ. ಅದು ಆಟ ಅವ್ವ. ಎಡಗಡೆ ಗುಡ್ಡೆ ನಂದು, ಬಲಗಡೆ ಗುಡ್ಡೆ ಪೆಟ್ಟಿಗೇದು. ಒಂದೇ ಗಿಡದ ಹೂ ಒಂದಕ್ಕೊಂದು ಕೂಡ್ತಾವೆ. ಜಿಂಕೆ, ಹಂದಿ, ಹುಣ್ಣಿಮೆಗೆ ಹೆಚ್ಚಿನ ಬೆಲೆ. ನಾನು ಗೆದ್ರೆ ಹೂ ಎಡಕ್ಕೆ ಬೀಳ್ತೈತೆ, ಪೆಟ್ಟಿಗೆ ಗೆದ್ರೆ ಬಲಕ್ಕೆ. ಅವು ಎಲೆ ಅವ್ವ, ಇಸ್ಪೀಟಿನೆಲೆ ಇದ್ದಂಗೆ."

ಅತ್ತೆ ಬಾಯಲ್ಲಿದ್ದ ಸಕ್ಕರೆಯನ್ನು ನುಂಗಲಿಲ್ಲ, ಉಗುಳಲೂ ಇಲ್ಲ. ಟಿವಿಯ ಹಣೆಯ ವಿಭೂತಿ, ಇನ್ನೂ ಹೊಗೆಯಾಡುತ್ತಿದ್ದ ಊದುಕಡ್ಡಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ನಮ್ಮ ಮಾವ ಬದುಕಿದ್ದಾಗ ಮನೆಯ ಜಗಲಿಯ ಮೇಲೆ ಇಸ್ಪೀಟಾಡಲು ಕೂತವರ ಮೇಲೆ ಸಗಣಿ ನೀರು ಎರಚಿದ ಹೆಂಗಸು ಅವರು.

"ಇಸ್ಪೀಟಿಗೆ ಪೂಜೆ ಮಾಡ್ಸಿದ್ಯೇನೇ ನನ್ನ ಕೈಲಿ?" ದನಿ ಹೊರಗೆ ಬರಲೇ ಇಲ್ಲ, ಬರಿ ಗಾಳಿ ಬಂತು.

ಮೊದಲು ಬಾಯಿ ಬಿಟ್ಟವಳು ಎಮ್ಮೆಯಕ್ಕ. "ತಡಿ ತಡಿ. ಹಂಗಾದ್ರೆ ನನ್ನ ಎಮ್ಮೆ ಮಾರ್ಸಿದ್ದು?"

"ನಾನೇ ಅಕ್ಕ. ಬೇಕಂತ ಸೋತೆ. ಸೋಲೋದು ಸುಲಭ, ಬಲಕ್ಕೆ ತರಾಕೆ ಏನೂ ಕಷ್ಟ ಇಲ್ಲ. ಆ ಎಮ್ಮೆ ತಿನ್ನೋ ಮೇವಿನ ಅರ್ಧಕ್ಕೂ ಹಾಲು ಕೊಡ್ತಿರ್ಲಿಲ್ಲ."

"ಅಯ್ಯೋ ನಿನ್ನ! ನಾನು ದೇವರು ಹೇಳ್ತು ಅಂತ ಕಣ್ಣೀರು ಹಾಕ್ಕಂಡು ಹಗ್ಗ ಬಿಚ್ಚಿ ಕೊಟ್ನಲ್ಲೇ! ಹೇಳಿದ್ದು ನೀನಾ? ನೆಟ್ಟಗೆ ಸೀರೆ ಉಡಾಕೆ ಬರ್ದ ನೀನಾ?" ಎಮ್ಮೆಯಕ್ಕ ಸೊಂಟದ ಮೇಲೆ ಕೈಯಿಟ್ಟಳು. ಆಮೇಲೆ ಏನೋ ಲೆಕ್ಕ ಹಾಕಿದವಳಂತೆ ದನಿ ಇಳಿಸಿ, "ಮಾರಿದ್ದೇನೋ ಚಲೋನೇ ಆತು" ಎಂದಳು. ಹಿಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ತಾವು ಏನೇನು ಕೇಳಿದ್ದೆವು, ಈ ಹುಡುಗಿಯ ಮುಂದೆ ಏನೇನು ಬಾಯಿ ಬಿಟ್ಟಿದ್ದೆವು ಎಂದು ಒಬ್ಬೊಬ್ಬರಿಗೂ ನೆನಪಾಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಅತ್ತೆ ನನ್ನ ಕಡೆ ತಿರುಗಿದರು. ನೋಟ ನನ್ನ ಮೇಲೆ, ಪ್ರಶ್ನೆ ಮಗಳಿಗೆ. "ಕೊಯ್ಲಿನಾಗೆ ಇವಳನ್ನ ತವರಿಗೆ ಕಳ್ಸು ಅಂದಿದ್ದು?"

"ಅದೂ ನಾನೇ. ಅತ್ತಿಗೆ ಸಲುವಾಗಿ ಸೋತಿದ್ದೆ."

ನನ್ನ ಕಾಲಿನ ಕೆಳಗಿನ ನೆಲ ಒಂದು ಗೇಣು ಜಾರಿದ ಹಾಗಾಯಿತು. ಅಪ್ಪನ ಹಾಸಿಗೆಯ ಬಳಿ ಕೂತು ದೇವರಿಗೆ ನಾನು ಎಷ್ಟು ಸಲ ಕೈ ಮುಗಿದಿದ್ದೆ! ನನ್ನನ್ನು ಕಳಿಸಿದವಳು ನನ್ನ ಜತೆಗೆ ಒಂದೇ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದಳು. ಒಂದು ದಿನವೂ ಮುಖದಲ್ಲಿ ತೋರಿಸಿರಲಿಲ್ಲ.

"ಇವತ್ತು ಒಂದೇ ಸಲ ಗೆಲ್ಲಬೇಕಿತ್ತು" ಎಂದಳು ನಾದಿನಿ. "ಹುಣ್ಣಿಮೆ ಅದರ ಕೈಗೆ ಹೋತು. ನನಗೆ ಆ ಮನೆ ಬ್ಯಾಡ ಅವ್ವ."

"ಇಷ್ಟು ಹೇಳಾಕೆ ಬಾಯಿತ್ತಲ್ಲ! ಪೆಟ್ಟಿಗೆ ಕೈಲಿ ಯಾಕೆ ಹೇಳ್ಸಾಕೆ ಹೊಂಟಿದ್ದೆ?"

"ಬಾಯಿಲೆ ಹೇಳಿದ್ರೆ ಕೇಳ್ತಿದ್ದೇನವ್ವ ನೀನು?"

ಅತ್ತೆ ಮಗಳ ಕಡೆಗೆ ಒಂದು ಹೆಜ್ಜೆ ಇಟ್ಟರು. ಕೆನ್ನೆಗೆ ಬಾರಿಸುತ್ತಾರೆ ಎಂದೇ ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವರು ಸೆರಗಿನ ತುದಿಯಿಂದ ಟಿವಿಯ ಹಣೆಯ ವಿಭೂತಿಯನ್ನು ಒರೆಸಿದರು. ಊದುಕಡ್ಡಿಯನ್ನು ಕಿತ್ತು ದೇವರ ಕೋಣೆಯಲ್ಲಿ ಸಿಕ್ಕಿಸಿ ಬಂದು, ಮಗಳ ಪಕ್ಕದಲ್ಲಿ ನೆಲಕ್ಕೆ ಕೂತರು.

"ಆಡಿ ತೋರ್ಸು."

ನಾದಿನಿ ಆಡಿದಳು. ಈ ಸಲ ಪ್ರತಿ ಚಿತ್ರವೂ ಯಾಕೆ ಯಾವ ಕಡೆಗೆ ಹೋಯಿತೆಂದು ನಮಗೂ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು. "ಆ ಸೇವಂತಿಗೆ ತಗೊಳ್ಳೇ, ಬಿಡಬ್ಯಾಡ" ಎಂದು ಎಮ್ಮೆಯಕ್ಕ ಹಿಂದಿನಿಂದ ಕೂಗಿಯೂಬಿಟ್ಟಳು. ಹೂವು ಎಡಕ್ಕೆ ಬಿತ್ತು.

"ಮತ್ತೆ ಆಡು."

ಮತ್ತೆ ಎಡಕ್ಕೆ. ಅತ್ತೆ ಮಗಳ ಬೆರಳುಗಳನ್ನೇ ನೋಡುತ್ತಿದ್ದರು. "ಇದನ್ನ ಯಾರು ಕಲ್ಸಿದ್ರು ನಿನಗೆ?"

"ಯಾರೂ ಇಲ್ಲ. ನೋಡಿ ನೋಡಿ ಬಂತು."

ಹೊರಗೆ ಕಳಿಸುವುದಿಲ್ಲ, ನಿಮಗೆ ತಿಳಿಯುವುದಿಲ್ಲ ಎಂದು ಅಂಗಡಿಯವನು ಹಡಗಿನ ಅಡುಗೆಯವರಿಗೆ ಕೈ ಆಡಿಸಿ ಹೇಳಿದ್ದ ಆಟ. ಆ ಭಾಷೆಯ ಒಂದಕ್ಷರ ಓದಲು ಬಾರದ ಹುಡುಗಿ, ಮಧ್ಯಾಹ್ನದ ನಿದ್ದೆ ಬಿಟ್ಟು, ಹೊನ್ನಾಳಿಯ ನಡುಮನೆಯಲ್ಲಿ ಕೂತು ಅದನ್ನು ಬಿಡಿಸಿಕೊಂಡಿದ್ದಳು. ಅತ್ತೆ ಇನ್ನೇನೂ ಅನ್ನದೆ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದರು.

ಸಂಜೆ ಯಜಮಾನರು ನ್ಯಾಮತಿಯಿಂದ ಬಂದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾದಿನಿ ಹಿತ್ತಲಲ್ಲಿ ನೀರು ಸೇದುವ ಸದ್ದು ಕೇಳುತ್ತಿತ್ತು.

"ಚನ್ನಗಿರಿಯೋರಿಗೆ ಹೇಳಿ ಕಳ್ಸು" ಎಂದರು ಅತ್ತೆ ಮಗನಿಗೆ. "ಹೂ ಬರ್ಲಿಲ್ಲ ಅಂತ."

"ಗುಡಿಯಾಗೆ ಮತ್ತೆ ಕೇಳಿದ್ರಾ?"

"ಕೇಳಿದ್ರೋ ಬಿಟ್ರೋ ನಿನಗ್ಯಾಕೆ? ಹುಡುಗಿ ಬ್ಯಾಡ ಅಂದ್ಲು ಅಂದ್ರೆ ಜಗಳ. ಹೂ ಬರ್ಲಿಲ್ಲ ಅಂದ್ರೆ ಯಾರೂ ಬ್ಯಾಸರ ಮಾಡ್ಕಣಲ್ಲ. ಎಲ್ರೂ ಹಂಗೇ ಹೇಳೋದು."

ಯಜಮಾನರು ತಲೆಯಾಡಿಸಿ ಕೈಕಾಲು ತೊಳೆಯಲು ಹೋದರು. ನನ್ನ ಕೈ ರೊಟ್ಟಿಯ ಮೇಲೆ ಹಾಗೆಯೇ ನಿಂತಿತ್ತು. ಎಲ್ಲರೂ ಹಾಗೇ ಹೇಳುವುದು. ಮಧ್ಯಾಹ್ನ ಕಾಲಡಿಯ ನೆಲ ಒಂದು ಗೇಣು ಜಾರಿತ್ತು. ಈಗ ಬಾವಿಯೇ ಬಾಯಿ ತೆರೆದ ಹಾಗಾಯಿತು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡ ಆ ಮನೆಯವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಅತ್ತೇರೆ, ಜಗಳೂರಿನೋರೂ ಹಂಗೇ ಹೇಳಿರಬಹುದಾ?"

ಅತ್ತೆಗೆ ಆ ಸಂಗತಿ ಗೊತ್ತಿತ್ತು. ಮದುವೆಯ ಮಾತಿನಲ್ಲಿ ಅಪ್ಪ ಮುಚ್ಚಿಟ್ಟಿರಲಿಲ್ಲ. ಅವರು ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿದರು. "ಹೇಳಿರ್ತಾರೆ. ಬ್ಯಾರೆ ಕಡೆ ಹೆಣ್ಣು ಗೊತ್ತು ಮಾಡಿರ್ತಾರೆ, ಇಲ್ಲಾ ಅವರ ಮನೇಲಿ ಯಾವಳೋ ಅಡ್ಡ ಮಾತಾಡಿರ್ತಾಳೆ. ದೇವರಿಗೇನು ಬ್ಯಾರೆ ಕೆಲಸ ಇಲ್ವಾ?"

"ಹಂಗಾದ್ರೆ ನನಗೆ ಬಲಕ್ಕೆ ಬಿದ್ದ ಹೂ?"

ಅವರು ಇನ್ನೊಂದು ಬೆಳ್ಳುಳ್ಳಿ ಎತ್ತಿಕೊಂಡರು. ಹಿತ್ತಲಲ್ಲಿ ಕೊಡ ಬಾವಿಗೆ ಇಳಿಯಿತು, ತುಂಬಿತು, ಮೇಲೆ ಬಂತು.

"ಕೇಳಿದ್ರೆ ತಾನೆ ಬೀಳೋದು" ಎಂದರು ಕೊನೆಗೆ, ನನ್ನ ಕಡೆ ನೋಡದೆ. "ನಿನಗೆ ನಾನು ಹೂ ಕೇಳಾಕೆ ಹೋಗ್ಲೇ ಇಲ್ಲ. ಎಡಕ್ಕೆ ಬಿದ್ರೆ ಏನು ಮಾಡ್ಲಿ ಅಂತ. ನೋಡಿದ ದಿನವೇ ನನಗೆ ಒಪ್ಪಿಗೆ ಆಗಿತ್ತು."

ನಾನು ಅವರನ್ನೇ ನೋಡುತ್ತಾ ಕೂತೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಏನೋ ತಿಳಿಯಲಿಲ್ಲ. ಅತ್ತೆ ಎದ್ದು ಬಂದು ಹಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿದರು.

"ಸೀದೋತು ನೋಡು" ಎಂದರು. "ಇದು ನನಗಿರ್ಲಿ. ಇನ್ನೊಂದು ಬಡಿ."